‘ಸಾಕು’, ‘ಇಟ್ಟುಕೊಳ್ಳು’, ‘ಕೈವಶ’: ಹಾವಿನ ಕಾನೂನಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ವಾಚನಾಲಯಕ್ಕಾಗಿ ಹಾವುಗಳ ಬಗೆಗಿನ ತಿಳಿವಳಿಕೆ ಪತ್ರವನ್ನು ಮಲಯಾಳದಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ವಿಷದ ಹಾವುಗಳನ್ನು ‘ಕೈವಶಂ ವೆಕ್ಕುನ್ನದ್’ (ತನ್ನ ವಶದಲ್ಲಿ ಇಟ್ಟುಕೊಳ್ಳುವುದು) ಅಪರಾಧ ಎಂದಿದೆ. ಇಂಥ ಕಡೆ ಕನ್ನಡದಲ್ಲಿ ‘ಸಾಕುವುದು ಅಪರಾಧ’ ಎಂದು ಬರೆಯುವುದೇ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ.

ಸಾಕುವುದೆಂದರೆ ಉಣಿಸಿ ಬೆಳೆಸುವುದು. ಬಾವಿಯಿಂದ ತೆಗೆದ ನಾಗರಹಾವನ್ನು ಡಬ್ಬದಲ್ಲಿ ಹಾಕಿ, ಬಂದವರಿಗೆಲ್ಲ ತೋರಿಸುವವನನ್ನು ಕೇಳಿ ನೋಡಿ: ‘ನಾನೆಲ್ಲಿ ಸಾಕಿದ್ದೇನೆ ಮಾರಾಯ್ರೇ, ಸುಮ್ಮನೆ ಇಟ್ಟದ್ದು’ ಎನ್ನುತ್ತಾನೆ. ಕನ್ನಡದ ಲೆಕ್ಕದಲ್ಲಿ ಅವನ ಮಾತು ಸರಿಯೇ. ಕಾನೂನಿನ ಲೆಕ್ಕದಲ್ಲಿ ಅಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹಿಡಿಯುವುದೇ ‘ಬೇಟೆ’ಯ ವ್ಯಾಖ್ಯೆಯೊಳಗೆ ಬರುತ್ತದೆ. ಹಾಗೆ ಹಿಡಿದಿಟ್ಟ ಹಾವು 39ನೇ ಸೆಕ್ಷನಿನ ಪ್ರಕಾರ ಸರಕಾರದ ಸೊತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು. ಅದೇ ಸೆಕ್ಷನಿನಲ್ಲಿ ಒಂದರ ಪಕ್ಕ ಒಂದು ಮೂರು ಇಂಗ್ಲಿಷ್ ಪದಗಳಿವೆ: possession, custody, control. ನಮ್ಮ ಕಾನೂನು ಕನ್ನಡದಲ್ಲಿ ಅವು ಸ್ವಾಧೀನ, ಅಭಿರಕ್ಷೆ, ನಿಯಂತ್ರಣ ಎಂದಾಗುತ್ತವೆ. ಆ ಮೂರರಲ್ಲಿ ಸಾಕುವ ಮಾತೇ ಇಲ್ಲ.

2020ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಒಬ್ಬಾತ ಹಾವು ಹಿಡಿಯುವವನೊಬ್ಬನಿಂದ ನಾಗರಹಾವು ಕೊಂಡು, ಅದರಿಂದ ಹೆಂಡತಿಯನ್ನು ಕಚ್ಚಿಸಿ ಕೊಂದದ್ದು, ಮರುವರ್ಷ ಕೋರ್ಟು ಶಿಕ್ಷೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಅವನು ಆ ಹಾವನ್ನು ‘ಸಾಕಿದ್ದ’ ಎಂದು ಯಾರಾದರೂ ಹೇಳುತ್ತಾರೆಯೇ?

ಇನ್ನೊಂದು ತೊಡಕು: ‘ಸಾಕಬಾರದು’ ಎಂದು ಬರೆದ ಕೂಡಲೇ ‘ಲೈಸೆನ್ಸ್ ಮಾಡಿಸಿದರೆ?’ ಎಂಬ ಪ್ರಶ್ನೆ ಬರುತ್ತದೆ. ನಾಯಿಗೆ ಇರುವ ಹಾಗೆ ನಾಗರಹಾವಿಗೆ ಲೈಸೆನ್ಸ್ ಇಲ್ಲ. ಅನುಮತಿ ಸಿಗುವುದು ಶಿಕ್ಷಣ, ಸಂಶೋಧನೆ, ಔಷಧಕ್ಕಾಗಿ ವಿಷ ತೆಗೆಯುವುದು ಇಂಥ ಕಾರಣಗಳಿಗೆ. ಹೊರದೇಶದ ಕೆಲವು ಹೆಬ್ಬಾವುಗಳಿಗೆ ನೋಂದಣಿ ಉಂಟು, ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದ. 2022ರ ತಿದ್ದುಪಡಿಯ ನಂತರ ನಾಗರಹಾವು, ಕಾಳಿಂಗ, ಕೊಳಕುಮಂಡಲ ಮೂರೂ ಒಂದನೇ ಅನುಸೂಚಿಯಲ್ಲಿ, ಅಂದರೆ ಕಾಯ್ದೆಯ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿ, ಇವೆ. ಶಿಕ್ಷೆ ಮೂರರಿಂದ ಏಳು ವರ್ಷ, ಮೇಲೆ ಕನಿಷ್ಠ 25,000 ರೂಪಾಯಿ ದಂಡ.

ಹಾಗಾದರೆ ‘ಕೈವಶ’ವನ್ನೇ ಉಳಿಸಿಕೊಳ್ಳೋಣವೇ? ಕಾಸರಗೋಡಿನವರಿಗೆ ಅದು ಹೊಸದಲ್ಲ; ಜಾಗ ಯಾರ ಸ್ವಾಧೀನದಲ್ಲಿದೆ ಎಂದು ವಿಲೇಜ್ ಆಫೀಸು ಕೊಡುವ ಕೈವಶ ಸರ್ಟಿಫಿಕೇಟು ಅಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಪುತ್ತೂರು ದಾಟಿದರೆ ‘ಹಾವು ಕೈವಶ ಮಾಡಿಕೊಂಡ’ ಎಂದರೆ ಕೋಟೆ ಗೆದ್ದ ಹಾಗೆ ಕೇಳುತ್ತದೆ. ‘ಅಭಿರಕ್ಷೆ’ ಜನರ ಬಾಯಿಗೆ ಬರುವ ಪದವಲ್ಲ, ಅದರೊಳಗೆ ‘ರಕ್ಷೆ’ ಬೇರೆ ಇದೆ. ಡಬ್ಬದವನೂ ತಾನು ಮಾಡಿದ್ದು ಅದನ್ನೇ ಎಂದಾನು!

ಈಗ ನನ್ನ ಒಲವು ‘ಹಿಡಿದಿಟ್ಟುಕೊಳ್ಳುವುದು’ ಎಂಬುದರ ಕಡೆಗೆ. ಕಾರಣ ನಾಗಬನ, ನಾಗನ ಪೂಜೆಗೆಂದು ಬಿಟ್ಟ ಮರಗಳ ಗುಂಪು. ಕರಡು ಓದಿದ ಹಿರಿಯರೊಬ್ಬರು ಕೇಳಿದರು: ‘ನಮ್ಮ ಬನದಲ್ಲಿ ಸರ್ಪ ಉಂಟು, ತಂಬಿಲ (ನಾಗನಿಗೆ ಸಲ್ಲಿಸುವ ಪೂಜೆ) ಕೊಡುತ್ತೇವೆ. ಅದೂ ಇಟ್ಟುಕೊಂಡ ಹಾಗೆ ಆಗ್ತದಾ?’ ಇಲ್ಲ, ಅದು ತಾನಾಗಿ ಇರುವುದು, ಬೇಕಾದಾಗ ಹೋಗುವುದು. ಬರೀ ‘ಇಟ್ಟುಕೊಳ್ಳುವುದು’ ಎಂದರೆ ಇಂಥ ಅನುಮಾನಕ್ಕೆ ಎಡೆಯಾಗುತ್ತದೆ. ‘ಹಿಡಿದು’ ಸೇರಿದರೆ ಬನ ಹೊರಗುಳಿಯುತ್ತದೆ, ಡಬ್ಬ ಒಳಗೆ ಬರುತ್ತದೆ. ಆದರೆ ಬೇರೆಯವರು ಹಿಡಿದದ್ದನ್ನು ಕೊಂಡು ತಂದವನು? ಅವನು ಹಿಡಿದಿಲ್ಲವಲ್ಲ. ಕೊಲ್ಲಂನವನೇ ಜಾರಿಕೊಳ್ಳುತ್ತಾನೆ. ‘ವಶದಲ್ಲಿರಿಸಿಕೊಳ್ಳುವುದು’ ಎಂದರೆ ಇಬ್ಬರೂ ಸಿಗುತ್ತಾರೆ, ಆದರೆ ಪೊಲೀಸು ವರದಿಯ ವಾಸನೆ ಹೊಡೆಯುತ್ತದೆ.

ಜೊತೆಗೆ ಒಂದು ಚಿಕ್ಕ ಪ್ರಶ್ನೆ. ನಮ್ಮ ಕಾಡುಮೇಡಿನಲ್ಲೇ ಇರುವ ಹಾವುಗಳು ಎನ್ನಲು ಒಬ್ಬರು ‘ದೇಸಿ ಹಾವು’ ಎಂದು ತಿದ್ದಿಕೊಟ್ಟಿದ್ದಾರೆ. ಕಾಸರಗೋಡು ಗಿಡ್ಡ ಎಂಬ ದನದ ತಳಿಯ ಊರಿನಲ್ಲಿ ‘ದೇಸಿ’ ಎಂದರೆ ತಳಿ, ಅಂದರೆ ಸಾಕಲಿಕ್ಕೆ ಯೋಗ್ಯ! ನಾನು ‘ಇಲ್ಲಿನ ಹಾವುಗಳು’ ಎಂದಷ್ಟೇ ಇಟ್ಟಿದ್ದೇನೆ.

ಮಲೆನಾಡಿನಲ್ಲಿ, ಘಟ್ಟದ ಮೇಲೆ ಅರಣ್ಯ ಇಲಾಖೆಯ ಫಲಕಗಳಲ್ಲಿ ಯಾವ ಕ್ರಿಯಾಪದ ಬಳಸುತ್ತಾರೆ? ನೋಡಿದವರು ಫಲಕದ ಸಾಲನ್ನು ಇದ್ದ ಹಾಗೆಯೇ ಬರೆದು ಕಳಿಸಿದರೆ ಉಪಕಾರ.