‘ಫ್ಲೈಟ್’ ಎಲ್ಲ ಕಡೆ ಹಾರಾಟವೇ? ಅಪಾಯ ಕಂಡು ಜಾಗ ಬಿಡುವುದಕ್ಕೆ ಕನ್ನಡ ಪದ ಬೇಕು

ಗೆಳೆಯರೇ,

ಪ್ರಾಣಿಗಳ ಮತ್ತು ಮನುಷ್ಯರ ಓಡಾಟದ ಬಗ್ಗೆ ನಡೆದಿರುವ ಸಂಶೋಧನೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇಂಗ್ಲಿಷಿನ ‘ಫ್ಲೈಟ್’ ಎಂಬ ಪದ ಮತ್ತೆ ಮತ್ತೆ ತೊಡರುತ್ತಿದೆ. ಅದಕ್ಕೆ ಹಾರುವುದು ಎಂಬ ಅರ್ಥವೂ ಇದೆ, ಅಪಾಯ ಕಂಡು ಓಡುವುದು ಎಂಬ ಅರ್ಥವೂ ಇದೆ. ಜರ್ಮನ್ನಿನಲ್ಲಿ ಈ ತೊಂದರೆ ಇಲ್ಲ. ಹಾರುವುದಕ್ಕೆ ‘ಫ್ಲೂಗ್’, ಓಡಿ ಪಾರಾಗುವುದಕ್ಕೆ ‘ಫ್ಲುಖ್ಟ್’. ನಮ್ಮಲ್ಲೂ ಹಾರುವುದು ಬೇರೆ, ಓಡುವುದು ಬೇರೆ. ಆದರೂ ಅನುವಾದಕ್ಕೆ ಕೂತಾಗ ಕೈ ಸುಮ್ನೆ ‘ಹಾರಾಟ’ದ ಕಡೆಗೇ ಹೋಗುತ್ತದೆ.

‘ಫ್ಲೈಟ್ ಇನಿಶಿಯೇಶನ್ ಡಿಸ್ಟೆನ್ಸ್’ ಎಂಬ ಅಳತೆಯನ್ನು ನೋಡಿ. ಮೇಯುತ್ತಿರುವ ಜಿಂಕೆಯ ಕಡೆಗೆ ಸಂಶೋಧಕರು ಒಂದೇ ವೇಗದಲ್ಲಿ ನಡೆದು ಹೋಗುತ್ತಾರೆ. ಜಿಂಕೆ ಮೊದಲು ತಲೆ ಎತ್ತಿ ನೋಡುತ್ತದೆ. ಇನ್ನಷ್ಟು ಹತ್ತಿರವಾದಾಗ ಓಡುತ್ತದೆ. ಓಟ ಶುರುವಾದ ಕ್ಷಣದಲ್ಲಿ ಇಬ್ಬರ ನಡುವೆ ಇದ್ದ ದೂರವೇ ಈ ಅಳತೆ. ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ 1930ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದರು. ಇದನ್ನು ‘ಹಾರಾಟ ಆರಂಭದ ದೂರ’ ಅಂದರೆ ಓದುಗರಿಗೆ ಏನೂ ಹೊಳೆಯುವುದಿಲ್ಲ. ‘ಓಡುವ ದೂರ’ ಅನ್ನೋಣ ಅಂದರೆ ಇದೇ ಅಳತೆಯನ್ನು ಹಕ್ಕಿಗಳಿಗೂ ಹಲ್ಲಿಗಳಿಗೂ ಬಳಸುತ್ತಾರೆ. ಹಕ್ಕಿ ಹಾರಿ ಹೋಗುತ್ತದೆ, ಹಲ್ಲಿ ಸಂದಿಗೆ ನುಸುಳುತ್ತದೆ.

‘ಬೆದರುವ ದೂರ’ ಎಂಬುದು ಮೊದಲು ನನಗೆ ಹಿಡಿಸಿತ್ತು. ಆದರೆ ಅದೂ ಸರಿಹೋಗಲಿಲ್ಲ. ಪ್ರಾಣಿ ಅಪಾಯವನ್ನು ಗಮನಿಸಿದಾಗಿನ ದೂರಕ್ಕೆ ಬೇರೆಯೇ ಅಳತೆ ಇದೆ. ಗಮನಿಸಿದ ಮೇಲೂ ಅದು ತಕ್ಷಣ ಓಡುವುದಿಲ್ಲ. ಓಡಿದರೆ ಮೇವು ಬಿಡಬೇಕು, ಶಕ್ತಿಯೂ ಖರ್ಚಾಗುತ್ತದೆ. ನಿಂತರೆ ಪ್ರಾಣಕ್ಕೆ ಅಪಾಯ. ನಿಲ್ಲುವುದರ ನಷ್ಟ ಓಡುವುದರ ನಷ್ಟವನ್ನು ಮೀರುವಾಗ ಅದು ಕಾಲು ಕೀಳುತ್ತದೆ ಎಂದು ಸಂಶೋಧಕರಾದ ಯಡನ್‌ಬರ್ಗ್ ಮತ್ತು ಡಿಲ್ 1986ರಲ್ಲಿ ವಾದಿಸಿದರು. ಇಷ್ಟೆಲ್ಲ ತೂಗಿ ನೋಡುವ ಪ್ರಾಣಿಯನ್ನು ಬರೀ ‘ಬೆದರಿತು’ ಅನ್ನಲು ನನಗೆ ಮನಸ್ಸಿಲ್ಲ. ಸದ್ಯಕ್ಕೆ ‘ಜಾಗ ಬಿಡುವ ದೂರ’ ಎಂದು ಬರೆದುಕೊಂಡಿದ್ದೇನೆ. ಜಿಂಕೆ, ಹಕ್ಕಿ, ಹಲ್ಲಿ ಮೂರಕ್ಕೂ ಹೊಂದುತ್ತದೆ.

‘ಲೆವಿ ಫ್ಲೈಟ್’ ಅನ್ನುವುದು ಇನ್ನೊಂದು. ಫ್ರೆಂಚ್ ಗಣಿತಜ್ಞ ಪಾಲ್ ಲೆವಿಯ ಹೆಸರಿನದು. ತುಂಬಾ ಚಿಕ್ಕ ಹೆಜ್ಜೆಗಳು, ನಡುವೆ ಅಪರೂಪಕ್ಕೆ ಒಂದು ಭಾರಿ ದೂರದ ಹೆಜ್ಜೆ, ಹೀಗೆ ಸಾಗುವ ಚಲನೆ ಇದು. ರೆಕ್ಕೆಗೂ ಇದಕ್ಕೂ ಸಂಬಂಧವಿಲ್ಲ. 2006ರಲ್ಲಿ ಅಮೆರಿಕದ ಡಾಲರ್ ನೋಟುಗಳ ಸಂಚಾರದಲ್ಲೂ ಇಂಥದೇ ಚಲನೆ ಕಂಡಿತ್ತು. ಗೊಂದಲ ಹುಟ್ಟುವುದು ಆಲ್ಬಟ್ರಾಸ್ ಎಂಬ ಕಡಲ ಹಕ್ಕಿಗಳ ವಿಷಯ ಬಂದಾಗ. ಅವು ಹೀಗೆಯೇ ಸಾಗುತ್ತವೆ ಎಂದು 1996ರಲ್ಲಿ ಒಂದು ಪ್ರಬಂಧ ಹೇಳಿತು. ಹಕ್ಕಿಯ ಕಾಲಿನಲ್ಲಿದ್ದ ಯಂತ್ರ ಒಣಗಿದ್ದರೆ ಹಾರುತ್ತಿದೆ, ಒದ್ದೆಯಾಗಿದ್ದರೆ ನೀರಿನ ಮೇಲಿದೆ ಎಂಬುದು ಲೆಕ್ಕ. 2007ರಲ್ಲಿ ಮತ್ತೆ ಪರಿಶೀಲಿಸಿದಾಗ ಅತಿ ಉದ್ದದ ‘ಹಾರಾಟ’ಗಳು ನಿಜವಾಗಿ ಹಕ್ಕಿ ಗೂಡಿನಲ್ಲಿ ಕೂತಿದ್ದ ಸಮಯ ಎಂದು ಗೊತ್ತಾಯಿತು. ಈ ಕಥೆಯಲ್ಲಿ ನಿಜವಾದ ಹಾರಾಟವೂ ಗಣಿತದ ‘ಫ್ಲೈಟ್’ ಕೂಡ ಒಟ್ಟಿಗೇ ಬರುತ್ತವೆ. ಎರಡಕ್ಕೂ ಒಂದೇ ಪದ ಹಾಕಿದರೆ ವಾದವೇ ಕೆಡುತ್ತದೆ, ಅಲ್ವಾ? ಹಾಗಾಗಿ ಗಣಿತದ್ದಕ್ಕೆ ‘ಲೆವಿ ನೆಗೆತ’ ಅನ್ನುತ್ತೇನೆ. ಇದರ ಜೊತೆಗಾರ ‘ಲೆವಿ ವಾಕ್’ ಕೂಡ ಇದೆ, ಅಲ್ಲಿ ದೂರದ ಹೆಜ್ಜೆಗೆ ಹೆಚ್ಚು ಸಮಯ ಹಿಡಿಯುತ್ತದೆ. ಅದು ‘ಲೆವಿ ನಡಿಗೆ’. ನೆಗೆತ, ನಡಿಗೆ ಎಂಬ ಜೋಡಿ ಚೆನ್ನಾಗಿ ಕೂರುತ್ತದೆ. ಇದರ ಬಗ್ಗೆ ನನಗೆ ಅನುಮಾನ ಕಡಿಮೆ.

ಕಷ್ಟ ಇರುವುದು ಮನುಷ್ಯರ ವಿಷಯದಲ್ಲಿ. ಯುದ್ಧಕ್ಕೆ, ಹಿಂಸೆಗೆ ಹೆದರಿ ಜನ ಊರು ಬಿಡುವುದನ್ನೂ ಸಂಶೋಧಕರು ‘ಫ್ಲೈಟ್’ ಅನ್ನುತ್ತಾರೆ. ನಮ್ಮಲ್ಲಿ ಇದಕ್ಕೆ ಮೊದಲು ಬರುವುದು ‘ಪಲಾಯನ’. ಆ ಪದದಲ್ಲಿ ಹೇಡಿತನದ ವಾಸನೆ ಇದೆ. ‘ಪಲಾಯನವಾದ’ ಅಂದಾಗ ಅದು ಬೈಗುಳವೇ. ‘ಪರಾರಿ’ಯಾಗುವವನು ಕಳ್ಳ. ‘ಓಡಿಹೋದರು’ ಅಂದರೆ ಮನೆಯವರಿಗೆ ಹೇಳದೆ ಮದುವೆಯಾದ ಜೋಡಿ ಕಣ್ಣಮುಂದೆ ಬರುತ್ತದೆ. ಮಕ್ಕಳನ್ನು ಎತ್ತಿಕೊಂಡು ಗಡಿ ದಾಟಿದ ತಾಯಿಗೆ ಇವು ಯಾವುವೂ ಸಲ್ಲ. 1951ರ ನಿರಾಶ್ರಿತರ ಒಪ್ಪಂದ ಕೂಡ ‘ಸಕಾರಣವಾದ ಭಯ’ವನ್ನೇ ಆಧಾರವಾಗಿ ಇಟ್ಟುಕೊಂಡಿದೆ. ಭಯಪಟ್ಟದ್ದು ಅಲ್ಲಿ ತಪ್ಪಲ್ಲ.

‘ಗುಳೆ’ ಒಳ್ಳೆಯ ಪದ. ಆದರೆ ಅದರಲ್ಲಿ ಮಳೆ ಕೈಕೊಟ್ಟು ಕೂಲಿ ಹುಡುಕಿ ಹೋಗುವುದೇ ಮುಖ್ಯ, ಮರಳಿ ಬರುವ ಆಸೆಯೂ ಇದೆ. ‘ವಲಸೆ’ಯ ಹಾದಿ ಇನ್ನೂ ಕುತೂಹಲದ್ದು. ಹಳೆಯ ಬಳಕೆಯಲ್ಲಿ ದಂಡು ಬರುತ್ತದೆಂದು ಹೆದರಿ ಊರು ಬಿಡುವುದೇ ವಲಸೆ. ನಮಗೆ ಈಗ ಬೇಕಿರುವ ಅರ್ಥವೇ ಅದು! ಆದರೆ ಇಂದು ಕೆಲಸಕ್ಕಾಗಿ ನಗರಕ್ಕೆ ಹೋಗುವುದೂ ವಲಸೆ, ಹಕ್ಕಿಗಳ ಪಯಣವೂ ವಲಸೆ. 2022ರಲ್ಲಿ ಒಂದು ಎಳೆಯ ಗಾಡ್ವಿಟ್ ಹಕ್ಕಿ ಅಲಾಸ್ಕಾದಿಂದ ಟಾಸ್ಮೇನಿಯಾಕ್ಕೆ 13,000 ಕಿಲೋಮೀಟರಿಗೂ ಜಾಸ್ತಿ ದೂರವನ್ನು ಸುಮಾರು 11 ದಿನಗಳಲ್ಲಿ ಎಲ್ಲೂ ಇಳಿಯದೆ ಹಾರಿತು. ಆ ಪಯಣದ ಹಿಂದೆ ಯಾವ ದಂಡೂ ಇರಲಿಲ್ಲ. ಹೀಗೆ ಅಗಲವಾದ ಪದವನ್ನು ಹಳೆಯ ಅರ್ಥಕ್ಕೆ ಮರಳಿ ಎಳೆಯಲು ಆಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಹಾಗಾಗಿ ಇಲ್ಲೂ ನಾನು ‘ಬಿಡು’ ಎಂಬ ಕ್ರಿಯಾಪದದ ಕಡೆಗೇ ವಾಲುತ್ತಿದ್ದೇನೆ. ಪ್ರಾಣಿ ಜಾಗ ಬಿಡುತ್ತದೆ, ಜನ ಊರು ಬಿಡುತ್ತಾರೆ. ದೂಷಣೆ ಇಲ್ಲ, ಕಳ್ಳತನದ ನೆರಳಿಲ್ಲ. ತೊಡಕು ನಾಮಪದದಲ್ಲಿದೆ. ‘ಬಿಡುಗಡೆ’ಗೆ ಆಗಲೇ ಬೇರೆ ಅರ್ಥ ಇದೆ. ‘ಊರು ಬಿಡುವಿಕೆ’ ಉದ್ದ, ತಲೆಬರಹಕ್ಕೆ ಒಗ್ಗುವುದಿಲ್ಲ. ‘ಊರುಬಿಡಿಕೆ’ ಎಂದು ಕಟ್ಟಬಹುದೇ? ನಿಮ್ಮ ಕಡೆಯ ಹಿರಿಯರ ಮಾತಿನಲ್ಲಿ ‘ವಲಸೆ’ಗೆ ಆ ಹಳೆಯ ಭಯದ ಅರ್ಥ ಇನ್ನೂ ಉಳಿದಿದೆಯೇ? ಅದಕ್ಕೆ ಬೇರೆ ಯಾವುದಾದರೂ ಆಡುಮಾತು ಇದ್ದರೆ, ವಾಕ್ಯದಲ್ಲಿ ಬಳಸಿ ತಿಳಿಸಿ.