ಅವಧಿ ಮುಗಿದ ಔಷಧಿಗಳ ವಿಲೇವಾರಿ: ಕುವೆಂಪುನಗರದ ನಮ್ಮ ರಸ್ತೆಗಳ ನಿವಾಸಿಗಳ ಚರ್ಚೆ

4ನೇ ಅಡ್ಡರಸ್ತೆಯ ನಿವಾಸಿ:
ಎಲ್ಲರಿಗೂ ನಮಸ್ಕಾರ. ಕಳೆದ ವಾರ ನನ್ನಿಂದಾದ ತಪ್ಪೊಂದನ್ನು ಮೊದಲು ಹೇಳಿಕೊಳ್ಳುತ್ತೇನೆ. ನಮ್ಮ ಅತ್ತೆಯವರು ತೀರಿಕೊಂಡ ಮೇಲೆ ಅವರ ಬೀರುವನ್ನು ಖಾಲಿ ಮಾಡುವಾಗ ಎರಡು ಬಿಸ್ಕತ್ತಿನ ಡಬ್ಬಿಗಳ ತುಂಬ ಬಿ.ಪಿ., ಸಕ್ಕರೆ ಕಾಯಿಲೆ, ಮಂಡಿನೋವಿನ ಮಾತ್ರೆಗಳು ಸಿಕ್ಕವು. ಎಲ್ಲವನ್ನೂ ಒಂದು ಕವರಿಗೆ ಸುರಿದು ಒಣಕಸದ ಜೊತೆ ಗೇಟಿನ ಹೊರಗಿಟ್ಟೆ. ಕಸದ ಗಾಡಿ ಬರುವ ಮೊದಲೇ ನಾಯಿಗಳು ಕವರನ್ನು ಹರಿದು, ಪಕ್ಕದ ಖಾಲಿ ಸೈಟಿನ ತುಂಬ ಎಳೆದಾಡಿದ್ದವು. ನಾನು ಹೋಗಿ ಆರಿಸುವಷ್ಟರಲ್ಲಿ ಎದುರುಮನೆಯ ಮಗು ಗುಲಾಬಿ ಬಣ್ಣದ ಮಾತ್ರೆಗಳ ಪಟ್ಟಿಯೊಂದನ್ನು ಕೈಯಲ್ಲಿ ಹಿಡಿದು ನಿಂತಿತ್ತು. ಸಕ್ಕರೆ ಇಳಿಸುವ ಮಾತ್ರೆ ಅದು. ಆ ವಯಸ್ಸಿನ ಮಗುವಿಗೆ ಒಂದೇ ಒಂದು ಸಾಕು, ಪ್ರಾಣಕ್ಕೆ ಸಂಚಕಾರ.

ಅವಧಿ ಮುಗಿದ ಔಷಧಿ, ಬಳಸಿದ ಸೂಜಿ, ಒಡೆದ ಪಾದರಸದ ಥರ್ಮಾಮೀಟರ್ ಇವನ್ನೆಲ್ಲ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳೇ ಗೃಹ ಅಪಾಯಕಾರಿ ತ್ಯಾಜ್ಯವೆಂದು ಗುರುತಿಸಿ, ಹಸಿಕಸ ಮತ್ತು ಒಣಕಸಗಳಿಂದ ಪ್ರತ್ಯೇಕವಾಗಿ ಇಡಬೇಕೆಂದು ಹೇಳಿದ್ದವು. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂದು ಹೆಸರು ಪಡೆದ ಊರು ನಮ್ಮ ಮೈಸೂರು. ಆದರೂ ಈ ಮೂರನೆಯ ಬಗೆಯ ಕಸಕ್ಕೆ ನಮ್ಮ ಎಷ್ಟು ಮನೆಗಳಲ್ಲಿ ಬೇರೆ ಡಬ್ಬಿಯಿದೆ? ಬೀಗವಿರುವ ಒಂದು ಪೆಟ್ಟಿಗೆಯನ್ನು ಸಂಘದ ಕೊಠಡಿಯಲ್ಲಿಟ್ಟು, ತಿಂಗಳಿಗೊಮ್ಮೆ ಪಾಲಿಕೆಗೆ ಒಪ್ಪಿಸುವ ಏರ್ಪಾಡು ಮಾಡೋಣವೆಂದು ಕೋರುತ್ತೇನೆ.

2ನೇ ಅಡ್ಡರಸ್ತೆಯ ನಿವಾಸಿ:
ಮೇಡಂ, ಸಲಹೆ ಒಳ್ಳೆಯದೇ. ಆದರೆ ನಾವು ಮೊದಲಿನಿಂದಲೂ ಮಾತ್ರೆಗಳನ್ನು ಪುಡಿ ಮಾಡಿ ಶೌಚಾಲಯಕ್ಕೆ ಹಾಕಿ ನೀರು ಬಿಡುತ್ತಿದ್ದೇವೆ. ಹಾಗೆ ಮಾಡಿದರೆ ಯಾವ ಮಗುವಿಗೂ ಸಿಗುವುದಿಲ್ಲವಲ್ಲ?

ನಿವೃತ್ತ ಫಾರ್ಮಸಿಸ್ಟ್, 7ನೇ ಅಡ್ಡರಸ್ತೆ:
ಸರ್, ಮಗುವಿನ ಕೈಗೆ ಸಿಗುವುದಿಲ್ಲ, ನಿಜ. ಆದರೆ ನೀರಿಗೆ ಸೇರುತ್ತದೆ. ಒಳಚರಂಡಿ ನೀರಿನ ಸಂಸ್ಕರಣಾ ಘಟಕಗಳನ್ನು ಮಲಿನಾಂಶ ತೆಗೆಯುವುದಕ್ಕೆಂದು ಕಟ್ಟಿರುತ್ತಾರೆಯೇ ಹೊರತು ಔಷಧಿಯ ಅಣುಗಳನ್ನು ಪೂರ್ತಿಯಾಗಿ ತೆಗೆಯುವುದಕ್ಕಲ್ಲ, ಆದ್ದರಿಂದ ಅವುಗಳಲ್ಲಿ ಒಂದಷ್ಟು ಭಾಗ ಹಾಗೆಯೇ ಕೆರೆಗೂ ಹೊಳೆಗೂ ಹೋಗುತ್ತದೆ. ಆ್ಯಂಟಿಬಯಾಟಿಕ್‌ಗಳ ವಿಷಯದಲ್ಲಿ ಇದು ಇನ್ನೂ ಕೆಟ್ಟದ್ದು, ಏಕೆಂದರೆ ಸಣ್ಣ ಪ್ರಮಾಣದಲ್ಲಿ ಸದಾ ಔಷಧಿಯಿರುವ ನೀರಿನಲ್ಲಿ ಅದಕ್ಕೆ ಬಗ್ಗದ ಸೂಕ್ಷ್ಮಾಣುಗಳೇ ಉಳಿದು ಬೆಳೆಯುತ್ತವೆ. ಔಷಧಿಯ ಶೇಷ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ರಣಹದ್ದುಗಳನ್ನು ನೆನೆಯಿರಿ: ದನಗಳಿಗೆ ಕೊಟ್ಟ ಡೈಕ್ಲೋಫಿನ್ಯಾಕ್ ಎಂಬ ನೋವಿನ ಔಷಧಿ ಅವುಗಳ ಕಳೇಬರದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳ ಮೂತ್ರಪಿಂಡ ಕೆಟ್ಟು, ಸಂತತಿಯೇ ಕುಸಿದ ಮೇಲೆ 2006ರಲ್ಲಿ ಪಶುವೈದ್ಯಕೀಯದಲ್ಲಿ ಅದರ ಬಳಕೆಯನ್ನು ನಿಷೇಧಿಸಬೇಕಾಯಿತು. ಮನೆಯಂಗಳದಲ್ಲಿ ಸುಡುವುದೂ ಬೇಡ. ಪ್ಲಾಸ್ಟಿಕ್ ಮತ್ತು ರಾಸಾಯನಿಕಗಳ ಹೊಗೆ ನಮ್ಮ ಮೂಗಿಗೇ ಬರುತ್ತದೆ. ಇವುಗಳನ್ನು ಸುಡಬೇಕಾದದ್ದು ವೈದ್ಯಕೀಯ ತ್ಯಾಜ್ಯಕ್ಕೆಂದೇ ಇರುವ, ಹೆಚ್ಚು ಉಷ್ಣತೆಯ ದಹನ ಘಟಕಗಳಲ್ಲಿ.

9ನೇ ಅಡ್ಡರಸ್ತೆಯ ನಿವಾಸಿ:
ಸರ್, ನಮ್ಮ ತಂದೆಯವರಿಗೆ ಕ್ಯಾನ್ಸರ್ ನೋವಿಗೆಂದು ಕೊಟ್ಟಿದ್ದ ಮಾರ್ಫಿನ್ ಮಾತ್ರೆಗಳೂ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಗಳೂ ಉಳಿದಿವೆ. ಅವನ್ನೂ ಪೆಟ್ಟಿಗೆಗೇ ಹಾಕಬಹುದೇ?

ನಿವೃತ್ತ ಫಾರ್ಮಸಿಸ್ಟ್:
ಇಲ್ಲಮ್ಮ, ಅವು ಬೇರೆ. 2025ರಲ್ಲಿ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಹೊರಡಿಸಿದ ಮಾರ್ಗಸೂಚಿಯಲ್ಲಿ 17 ಔಷಧಿಗಳ ಪಟ್ಟಿಯಿದೆ; ಮಾರ್ಫಿನ್ ಮತ್ತು ಫೆಂಟನಿಲ್ ಎರಡೂ ಅದರಲ್ಲಿವೆ. ಬೇರೆಯವರ ಕೈಗೆ ಒಂದೇ ಪ್ರಮಾಣ ಸಿಕ್ಕರೂ ಜೀವಕ್ಕೆ ಅಪಾಯವಾಗುವುದರಿಂದ, ಅವನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಶೌಚಾಲಯಕ್ಕೆ ಹಾಕಿ ನೀರು ಬಿಡಬೇಕೆಂದು ಅದು ಹೇಳುತ್ತದೆ. ನಾನು ಮೇಲೆ ಹೇಳಿದ ಮಾತಿಗೆ ಇದೊಂದು ವಿನಾಯಿತಿ. ಉಳಿದ ಔಷಧಿಗಳಿಗೆ ಅನ್ವಯಿಸುವುದಿಲ್ಲ. ಔಷಧ ವ್ಯಾಪಾರಿಗಳ ಸಂಘಗಳೂ ರಾಜ್ಯದ ಔಷಧ ನಿಯಂತ್ರಣ ಇಲಾಖೆಯೂ ಸೇರಿ ಹಳೆಯ ಔಷಧಿಗಳನ್ನು ವಾಪಸು ಪಡೆಯುವ ಕೇಂದ್ರಗಳನ್ನು ತೆರೆಯಬಹುದೆಂದೂ ಅದೇ ಮಾರ್ಗಸೂಚಿ ಹೇಳಿದೆ. ಪಕ್ಕದ ಕೇರಳದ ಕೋಯಿಕ್ಕೋಡಿನಲ್ಲಿ ಇಂಥ ಸಂಗ್ರಹ ಈಗಾಗಲೇ ಶುರುವಾಗಿದೆ.

ಸಂಘದ ಕಾರ್ಯದರ್ಶಿ:
ಪೆಟ್ಟಿಗೆಯ ಖರ್ಚನ್ನು ಸಂಘ ಭರಿಸುತ್ತದೆ. ಪಾಲಿಕೆಯ ವಲಯ ಕಚೇರಿಗೂ ಔಷಧ ನಿಯಂತ್ರಣ ಇಲಾಖೆಗೂ ಮನವಿ ಬರೆಯುತ್ತಿದ್ದೇನೆ. ಅಡ್ಡರಸ್ತೆಗೆ ಇಬ್ಬರಂತೆ ಸಹಿ ಹಾಕಲು ಭಾನುವಾರ ಬೆಳಿಗ್ಗೆ 10ಕ್ಕೆ ಪಾರ್ಕಿಗೆ ಬನ್ನಿ. ಅವರು ಸ್ವೀಕರಿಸುವ ವ್ಯವಸ್ಥೆ ಲಿಖಿತವಾಗಿ ಖಚಿತವಾಗುವವರೆಗೆ ಪೆಟ್ಟಿಗೆಯನ್ನು ತೆರೆಯುವುದಿಲ್ಲ, ಇಲ್ಲದಿದ್ದರೆ ಒಂದೊಂದು ಮನೆಯಲ್ಲಿದ್ದ ಅಪಾಯವನ್ನು ಒಂದೇ ಕೊಠಡಿಗೆ ತಂದು ತುಂಬಿದಂತಾಗುತ್ತದೆ. ಅಲ್ಲಿಯವರೆಗೆ ಔಷಧಿಗಳನ್ನು ಮಕ್ಕಳಿಗೆ ಎಟುಕದ ಕಡೆ ಇಡಿ. ಇನ್ಸುಲಿನ್ ಸೂಜಿಗಳನ್ನು ಮಾತ್ರ ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿದು ಬೇರೆಯಾಗಿಡಿ, ಏಕೆಂದರೆ ಕಸ ವಿಂಗಡಿಸುವ ಪೌರಕಾರ್ಮಿಕರ ಕೈಗೆ ಮೊದಲು ಚುಚ್ಚುವುದು ಅವೇ.

4ನೇ ಅಡ್ಡರಸ್ತೆಯ ನಿವಾಸಿ:
ನಮ್ಮ ರಸ್ತೆಯಿಂದ ನಾನು ಮತ್ತು ಎದುರುಮನೆಯವರು, ಆ ಮಗುವಿನ ತಾಯಿ, ಇಬ್ಬರೂ ಬರುತ್ತೇವೆ.