ಬೆಂಗಳೂರಿನ ಅಂಚಿನಲ್ಲಿ ಸೈಟು: ಶಿರಸಿಯಿಂದ ಬಂದ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ, ಶಿರಸಿ ತಾಲೂಕು: ನಮ್ಮದು ಅಡಿಕೆ ತೋಟದ ಮನೆ. ಮಗ, ಸೊಸೆ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾರೆ. 60 ಲಕ್ಷದವರೆಗೆ ಹೊಂದಿಸಬಹುದು. ನೆಲಮಂಗಲದ ಕಡೆ 30×40 ಸೈಟು ನೋಡಿಟ್ಟಿದ್ದೇವೆ. ‘ಇ-ಸ್ವತ್ತು ಆಗಿದೆ, ಕಾವೇರಿ ನೀರು ಬರುತ್ತದೆ, ಮೆಟ್ರೊ ಬರುತ್ತದೆ’ ಎನ್ನುತ್ತಾನೆ ದಲ್ಲಾಳಿ. ಮುಂಗಡ ಕೊಡುವ ಮೊದಲು ಏನೇನು ನೋಡಬೇಕು? ಸೈಟಿನ ಬದಲು ಫ್ಲಾಟೇ ವಾಸಿಯೇ?

ಸಿದ್ದಾಪುರ ಮೂಲ, ಭೂದಾಖಲೆ ಬಲ್ಲವರು: ‘ಇ-ಸ್ವತ್ತು (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ಆಗಿದೆ’ ಅಂದರೆ ಅರ್ಧ ಮಾತು. ನಮೂನೆ 9, 11ಎ ಇದೆಯೋ, ಬರೀ 11ಬಿ ಯೋ ಎಂದು ಕೇಳಿ. 11ಎ ಇದ್ದರೆ ಭೂಪರಿವರ್ತನೆ, ಬಡಾವಣೆ ನಕ್ಷೆಗಳಿಗೆ ಮಂಜೂರಾತಿ ಇದೆ ಎಂದರ್ಥ. 11ಬಿ ಎಂದರೆ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ, ಅಷ್ಟೇ. ಅದನ್ನು ನೋಡಿ ಸಾಲ ಕೊಡುವ ಬ್ಯಾಂಕು ಕಡಿಮೆ, ನಕ್ಷೆ ಮಂಜೂರಾತಿಯೂ ಕಷ್ಟ.

ಋಣಭಾರ ಪತ್ರದಲ್ಲಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ, ಇ.ಸಿ.) ಹೆಚ್ಚಿನವರು ಎಡವುವುದು ಒಂದೇ ಕಡೆ. ಸೈಟ್ ನಂಬರ್ ಹಾಕಿ ಹುಡುಕುತ್ತಾರೆ, ಏನೂ ಇಲ್ಲ ಎಂದು ನಮೂನೆ 16 ಬರುತ್ತದೆ, ಖುಷಿಯಾಗುತ್ತಾರೆ. ಬಡಾವಣೆ ಆಗುವ ಮೊದಲಿನ ವ್ಯವಹಾರವೆಲ್ಲ ಸರ್ವೆ ನಂಬರಿನ ಮೇಲೆ ಇರುತ್ತದೆ. ಎರಡರಲ್ಲೂ ಹುಡುಕಿಸಿ. ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಮಾತ್ರ ಸಿಗುತ್ತದೆ. ಅದರ ಹಿಂದಿನದಕ್ಕೆ ಉಪನೋಂದಣಿ ಕಚೇರಿಗೇ ಹೋಗಬೇಕು. ಕನಿಷ್ಠ 30 ವರ್ಷದ ಸರಪಳಿ ಕೊಂಡಿ ತಪ್ಪದೆ ಕೂಡಬೇಕು.

ಮೂಲಪತ್ರದಲ್ಲಿ ಸಾಗುವಳಿ ಚೀಟಿ ಅಥವಾ ಸರ್ಕಾರಿ ಮಂಜೂರಾತಿ ಕಂಡರೆ ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿ ಇಲ್ಲದೆ ಕೈಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಅವರಿಗೇ ಮರಳುತ್ತದೆ. 2023ರ ತಿದ್ದುಪಡಿಯ ನಂತರ ಇದಕ್ಕೆ ಕಾಲಮಿತಿಯೂ ಇಲ್ಲ. ಸಂಶಯವಿದ್ದರೆ ತಹಶೀಲ್ದಾರ್ ಕಚೇರಿಯಿಂದ ಹಿಂಬರಹ (ಲಿಖಿತ ಉತ್ತರ) ತರಿಸಿ.

ಪಹಣಿಯಲ್ಲಿ ಖರಾಬಿನ (ಸಾಗುವಳಿಗೆ ಬಾರದ ಜಾಗದ) ಕಾಲಂ ನೋಡಿ. ‘ಅ’ ಖರಾಬು ಹಿಡುವಳಿದಾರನದೇ. ‘ಬ’ ಖರಾಬು ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ, ಮಾರುವಂತಿಲ್ಲ. ಸೊಪ್ಪಿನ ಬೆಟ್ಟವನ್ನು (ತೋಟಕ್ಕೆ ಸೊಪ್ಪು ತರುವ ಸರ್ಕಾರಿ ಕಾಡು) ತಲೆಮಾರುಗಳಿಂದ ಬಳಸಿಯೂ ಕ್ರಯಕ್ಕೆ ಕೊಡಲಾಗದು ಎಂದು ಬಲ್ಲ ನಮ್ಮವರಿಗೆ ಇದು ಬಿಡಿಸಿ ಹೇಳಬೇಕಾದ್ದಲ್ಲ. ಆದರೂ ನಗರಕ್ಕೆ ಹೋದಾಗ ಮರೆಯುತ್ತಾರೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಸೈಟಿನ ಮೇಲೆ ನಿಂತರೆ ಯಾವ ಸರ್ವೆ ನಂಬರ್, ಪಕ್ಕದಲ್ಲಿ ಹಳ್ಳ ಉಂಟೋ ಎಂದು ಗೊತ್ತಾಗುತ್ತದೆ. ಜಿಪಿಎಸ್ ಕೆಲವು ಮೀಟರ್ ಅತ್ತಿತ್ತ ತೋರಿಸುವುದರಿಂದ ಗಡಿಯನ್ನು ಅಳೆದೇ ತೀರ್ಮಾನಿಸಬೇಕು.

ಕುಮಟಾ ಮೂಲ, ನೀರು ಸರಬರಾಜು ಇಂಜಿನಿಯರ್: ‘ಕಾವೇರಿ ಬರುತ್ತದೆ’ ಅನ್ನುವುದಕ್ಕೆ ಉತ್ತರ. 2024ರ ಅಕ್ಟೋಬರಿನಲ್ಲಿ ಶುರುವಾದ 5ನೇ ಹಂತದ ದಿನಕ್ಕೆ 77.5 ಕೋಟಿ ಲೀಟರ್ ನೀರು, 2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಮಾಡಿದ್ದು. ನೆಲಮಂಗಲ ಅದರಲ್ಲಿಲ್ಲ. ಹಾಗಾಗಿ ಕೊಳವೆಬಾವಿ ಮತ್ತು ಟ್ಯಾಂಕರ್ ಲೆಕ್ಕ ಹಾಕಿಯೇ ಹೊರಡಿ.

ತಲೆಗೆ ದಿನಕ್ಕೆ 135 ಲೀಟರ್ ಎಂದರೆ ನಾಲ್ವರ ಮನೆಗೆ ತಿಂಗಳಿಗೆ 16,200 ಲೀಟರ್, ಅಂದರೆ 6,000 ಲೀಟರಿನ ಸುಮಾರು ಮೂರು ಟ್ಯಾಂಕರ್. 2024ರ ಬರಗಾಲದಲ್ಲಿ ಬೆಂಗಳೂರು ಜಿಲ್ಲಾಡಳಿತ 5 ಕಿ.ಮೀ. ಒಳಗೆ ಅಷ್ಟು ದೊಡ್ಡ ಟ್ಯಾಂಕರಿಗೆ ₹600 ದರ ಗೊತ್ತುಪಡಿಸಿತ್ತು. ದುಡ್ಡಿಗಿಂತ ತಲೆನೋವು, ಏಪ್ರಿಲ್‌ನಲ್ಲಿ ಕರೆದ ದಿನ ಟ್ಯಾಂಕರ್ ಬಾರದಿರುವುದು. ಭೂಮಿಯೊಳಗಿನ ಸಂಪು 10,000 ಲೀಟರಿಗೆ ಕಡಿಮೆ ಬೇಡ.

ಕೊಳವೆಬಾವಿ ನೀರನ್ನು ಪರೀಕ್ಷೆ ಮಾಡಿಸದೆ ಮುಂಗಡ ಕೊಡಬೇಡಿ. ತುಮಕೂರು ರಸ್ತೆಯ ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಹಳೆಯ ಸಂಗತಿ. ಆ ಸುತ್ತಲಿನ ಜಾಗವಾದರೆ ಟಿಡಿಎಸ್ (ಕರಗಿದ ಲವಣ ಅಳೆಯುವ) ಮೀಟರ್ ಅದ್ದಿ ನೋಡಿದ್ದು ಸಾಲದು, ಅದಕ್ಕೆ ಕ್ರೋಮಿಯಂ ಬೇರೆ, ಉಪ್ಪು ಬೇರೆ ಎಂದು ತಿಳಿಯುವುದಿಲ್ಲ. ಪ್ರಯೋಗಾಲಯಕ್ಕೆ ಹೇಳಬೇಕಾದವು: ಒಟ್ಟು ಕ್ರೋಮಿಯಂ (ಲೀಟರಿಗೆ ಮಿತಿ 0.05 ಮಿ.ಗ್ರಾಂ), ನೈಟ್ರೇಟ್ (45), ಫ್ಲೋರೈಡ್ (1.5), ಗಡಸುತನ. ನೈಟ್ರೇಟ್ ಹೆಚ್ಚಿದ್ದರೆ ಅಕ್ಕಪಕ್ಕದ ಶೌಚಗುಂಡಿಗಳ ನೀರು ಇಳಿಯುತ್ತಿರಬಹುದು.

ಮಳೆಕೊಯ್ಲು ಅಲ್ಲಿ ಶೋಕಿಯಲ್ಲ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ, 1,000 ಚದರಡಿ ತಾರಸಿಯಿಂದ 75 ಸಾವಿರ ಲೀಟರ್ ಹತ್ತಿರ ಸಿಗುತ್ತದೆ. ಮೊದಲ ಒಂದೆರಡು ಮಿ.ಮೀ., ಅಂದರೆ 100ರಿಂದ 200 ಲೀಟರ್, ಹೊರಗೆ ಬಿಡಬೇಕು. ಉಳಿದದ್ದು ಸೋಸಿ ಸಂಪಿಗೆ, ಹೆಚ್ಚಾದದ್ದು 3 ಅಡಿ ವ್ಯಾಸ, 20 ಅಡಿ ಆಳದ ಸಿಮೆಂಟ್ ಬಳೆಯ ಇಂಗುಬಾವಿಗೆ. ಅದರಲ್ಲಿ 4,000 ಲೀಟರ್ ಹಿಡಿಯುತ್ತದೆ. ಸೋಸದ ನೀರನ್ನು ನೇರ ಕೊಳವೆಬಾವಿಗೆ ಬಿಟ್ಟರೆ ಹೂಳು ಕಟ್ಟಿ, ಇದ್ದದ್ದೂ ಹೋಗುತ್ತದೆ.

ಅಂಕೋಲಾ ಮೂಲ, ಕಟ್ಟಡ ಕೆಲಸ ಬಲ್ಲವರು: ಮಳೆಗಾಲದಲ್ಲಿ ಜಾಗ ನೋಡಿ ಅನ್ನುತ್ತಾರೆ, ಸರಿ. ಆದರೆ ನಮ್ಮ ಕರಾವಳಿ, ಘಟ್ಟದ ಲೆಕ್ಕ ಅಲ್ಲಿ ನಡೆಯುವುದಿಲ್ಲ ಮಾರಾಯ್ರೆ. ಜೂನ್, ಜುಲೈನಲ್ಲಿ ಬೆಂಗಳೂರಿಗೆ ಬರುವುದು ಹೆಚ್ಚಾಗಿ ತುಂತುರು. ಜೋರು ಮಳೆ ಹೊಡೆಯುವುದು ಮೇ ತಿಂಗಳ ಸಂಜೆ, ಮತ್ತೆ ಆಗಸ್ಟ್‌ನಿಂದ ಅಕ್ಟೋಬರ್. 2022ರಲ್ಲಿ ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಬಡಾವಣೆಗಳು ಮುಳುಗಿದ್ದು ಸೆಪ್ಟೆಂಬರಿನಲ್ಲಿ. ಆಗ ಹೋಗಿ ಪಕ್ಕದ ಕಾಂಪೌಂಡಿನ ಮೇಲೆ ಕೆಸರಿನ ಗೆರೆ ಎಷ್ಟು ಎತ್ತರಕ್ಕಿದೆ ನೋಡಿ. ಹೊಸ ಬಣ್ಣ ಬರೀ ಕೆಳಗಿನ ಮೂರಡಿಗೆ ಬಳಿದಿದ್ದರೆ ಅದೂ ಒಂದು ಉತ್ತರವೇ.

ಇನ್ನೊಂದು, ಮಣ್ಣು. ಚಿರೆಕಲ್ಲಿನ ನೆಲ ನೋಡಿ ಬೆಳೆದವರಿಗೆ ಎರಡು ಮೂರಡಿಗೆ ಗಟ್ಟಿ ಸಿಗುತ್ತದೆಂಬ ನಂಬಿಕೆ. ಅಲ್ಲಿ ಕೆರೆಯ ಅಂಗಳ, ಅಚ್ಚುಕಟ್ಟು ತುಂಬಿಸಿ ಮಾಡಿದ ಸೈಟುಗಳು ಬಹಳ. ಮಾಲೀಕರನ್ನು ಒಪ್ಪಿಸಿ ಒಂದು ಮೂಲೆಯಲ್ಲಿ 5 ಅಡಿ ಗುಂಡಿ ತೆಗೆಸಿ. ಪ್ಲಾಸ್ಟಿಕ್, ಒಡೆದ ಇಟ್ಟಿಗೆ ಬಂದರೆ ಅದು ಭರ್ತಿ ಮಣ್ಣು; ಕಪ್ಪು ಜೇಡಿ ಬಂದರೆ ಕೆರೆಯ ಅಂಗಳವಿರಬಹುದು. ಅಂಥಲ್ಲಿ ಸಾಮಾನ್ಯ ಪಾಯ ಹಾಕಿದರೆ ಒಂದೇ ಕಡೆ ಕುಸಿದು ಗೋಡೆ ಓರೆಯಾಗಿ ಸೀಳುತ್ತದೆ. ಇನ್ನೂ ಆಳಕ್ಕೆ ಇಳಿದು ಕಾಲಮ್ ಎಬ್ಬಿಸುವ ಖರ್ಚನ್ನು ಸೈಟಿನ ಬೆಲೆಯಿಂದ ಕಳೆದು ಮಾತಾಡಿ.

ಕಾರವಾರ ಮೂಲ, ಗೃಹಸಾಲ ವಿಭಾಗದ ಅನುಭವ: ಫ್ಲಾಟಾದರೆ ಮೂರು ಮಾತು. ವಾಸಯೋಗ್ಯ ಪತ್ರ ಇದೆಯೇ, ಭೂಮಿಯಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಚದರಡಿ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಸಂಖ್ಯೆಯೇನು. 500 ಚದರ ಮೀಟರ್ ಮೀರಿದ, 8ಕ್ಕಿಂತ ಹೆಚ್ಚು ಘಟಕಗಳಿರುವ ಹೊಸ ಯೋಜನೆ ರೇರಾದಲ್ಲಿ ನೋಂದಣಿಯಾಗಿರಬೇಕು; ಸೈಟುಗಳ ಬಡಾವಣೆಗೂ ಇದು ಅನ್ವಯ. ನಿರ್ವಹಣೆ ಚದರಡಿಗೆ ₹4 ಎಂದರೆ 1,200 ಚದರಡಿಗೆ ತಿಂಗಳಿಗೆ ₹4,800, ಸಾಲದ ಕಂತು ಮುಗಿದ ಮೇಲೂ.

ಇರಲು ಬೇಡ, ಬರೀ ಹೂಡಿಕೆ ಎಂದಾದರೆ ನನ್ನ ಮತ ಬೇರೆ. 60 ಲಕ್ಷದ ಫ್ಲಾಟಿಗೆ ₹18,000 ಬಾಡಿಗೆ ಬಂದರೂ ವರ್ಷಕ್ಕೆ ಶೇ 3.6. ಸಾಲದ ಬಡ್ಡಿ ಅದರ ಸುಮಾರು ದುಪ್ಪಟ್ಟು. ಮೆಟ್ರೊ ಮಾತಿಗೂ ಬೆಲೆ ಕೊಡಬೇಡಿ: ಹಸಿರು ಮಾರ್ಗ 2024ರ ನವೆಂಬರಿನಲ್ಲಿ, ನೆಲಮಂಗಲಕ್ಕೆ ಮೊದಲೇ ಸಿಗುವ ಮಾದಾವರಕ್ಕೆ ಬಂದು ನಿಂತಿದೆ. ಊರಿನ ಬಸ್ಸು ತುಮಕೂರು ರಸ್ತೆಯಲ್ಲೇ ಒಳಬರುವುದರಿಂದ ನಮ್ಮವರಿಗೆ ಆ ಕಡೆ ಅನುಕೂಲವೇನೋ ಹೌದು. ಹಾಗಿದ್ದರೆ ಮಾದಾವರ, ನಾಗಸಂದ್ರ, ದಾಸರಹಳ್ಳಿ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರದ ಹಳೆಯ, ಪತ್ರ ಸರಿಯಿರುವ ಎರಡು ಕೋಣೆಯ ಫ್ಲಾಟು ನೋಡಿ.

ಪ್ರಶ್ನೆ ಕೇಳಿದವರು: ತುಂಬಾ ಧನ್ಯವಾದ. ಮಾಲೀಕರು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಡುತ್ತೇವೆ, ಸ್ವಲ್ಪ ನಗದು ಕೊಡಿ ಎನ್ನುತ್ತಿದ್ದಾರೆ. ನೋಂದಣಿ ಖರ್ಚೂ ಉಳಿಯುತ್ತದಂತೆ.

ಸಿದ್ದಾಪುರ ಮೂಲದವರು: ಬೇಡ. ಜಿಪಿಎಯಿಂದ ಸ್ಥಿರಾಸ್ತಿಯ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ₹20,000 ಅಥವಾ ಅದಕ್ಕಿಂತ ಹೆಚ್ಚು ನಗದು ಮುಂಗಡ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅಡಿಕೆ ದುಡ್ಡು ಸೊಸೈಟಿಯಲ್ಲಿದ್ದರೆ ಬ್ಯಾಂಕ್ ಖಾತೆಗೆ ತಂದು ಆರ್‌ಟಿಜಿಎಸ್ ಮಾಡಿ, ಅಡಿಕೆ ಮಾರಿದ ಪಟ್ಟಿಗಳನ್ನು ಇಟ್ಟುಕೊಳ್ಳಿ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ 2 ಆಗಿದೆ. ಮುದ್ರಾಂಕ, ಸೆಸ್ ಎಲ್ಲ ಸೇರಿ ಶೇ 7.6ರ ಸುಮಾರು. 55 ಲಕ್ಷದ ಸೈಟಿಗೆ 4.18 ಲಕ್ಷ. ನಿಮ್ಮ 60 ಲಕ್ಷದಲ್ಲಿ ಇದನ್ನು ಮೊದಲೇ ತೆಗೆದಿಡಿ. ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕಾದವರು ಕೊಳ್ಳುವವರೇ.